ಆ್ಯಪ್ ಆಮೇಲೆ ಆಗಲಿ, ಮೊದಲು ಒಂದು ಮೇಜು ಹಾಕಿ

ಪ್ರಶ್ನೆ: ನಾನು 25 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್. ಬೆಂಗಳೂರಿನ ನಂದಿನಿ ಬಡಾವಣೆಯಲ್ಲಿ ವಾಸ, ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೆಲಸ. ಕಾಲೇಜಿನಲ್ಲಿ ಎನ್‌ಎಸ್‌ಎಸ್‌ನಲ್ಲಿದ್ದೆ. ಈಗ ನಾವು ಹತ್ತು ಮಂದಿ ಗೆಳೆಯರು ಪ್ರತಿ ಶನಿವಾರ ಎರಡು ಗಂಟೆ ಸಮಾಜಕ್ಕಾಗಿ ಕೊಡಬೇಕೆಂದು ತೀರ್ಮಾನಿಸಿದ್ದೇವೆ. ಲಗ್ಗೆರೆ ಕಡೆ ಗಾರ್ಮೆಂಟ್ಸ್‌ಗೆ ಹೋಗುವವರು, ಗಾರೆ ಕೆಲಸದವರು ಹೆಚ್ಚಾಗಿರುವ ಒಂದು ಬಡಾವಣೆಯನ್ನು ನೋಡಿದ್ದೇವೆ. ಸರ್ಕಾರಿ ಯೋಜನೆಗಳ ಮಾಹಿತಿ ಕೊಡುವ, ದೂರು ಸಲ್ಲಿಸುವ ಒಂದು ಆ್ಯಪ್ ಮಾಡಿಕೊಡಬೇಕು, ಮಕ್ಕಳಿಗೆ ಕೋಡಿಂಗ್ ಕಲಿಸಬೇಕು ಎಂಬುದು ನಮ್ಮ ಯೋಚನೆ. ಎಲ್ಲಿಂದ ಆರಂಭಿಸಬೇಕು? ಟ್ರಸ್ಟ್ ನೋಂದಣಿ ಮಾಡಿಸಬೇಕೇ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಹಿಡಿಸಿದ್ದು ‘ಪ್ರತಿ ಶನಿವಾರ ಎರಡು ಗಂಟೆ’ ಎಂಬ ಮಾತು. ಸ್ವಯಂಸೇವೆಗೆ ಬರುವ ಯುವಕ ಯುವತಿಯರಲ್ಲಿ ಬಹುಪಾಲು ಮಂದಿ ಏನು ಮಾಡಬೇಕು ಎಂಬುದನ್ನು ಉತ್ಸಾಹದಿಂದ ಗೊತ್ತುಮಾಡಿಕೊಂಡು, ಯಾವಾಗ ಮಾಡುತ್ತೇವೆ ಎಂಬುದನ್ನು ಬಿಡುವು ಸಿಕ್ಕಾಗ ನೋಡೋಣ ಎಂದು ಬಿಟ್ಟಿರುತ್ತಾರೆ. ನೀವು ದಿನವನ್ನೂ ಹೊತ್ತನ್ನೂ ಮೊದಲೇ ನಿಗದಿ ಮಾಡಿಕೊಂಡಿದ್ದೀರಿ. ಅದನ್ನು ಬಿಗಿಯಾಗಿ ಹಿಡಿದುಕೊಳ್ಳಿ. ಆದರೆ ಏನು ಮಾಡಬೇಕೆಂಬ ವಿಚಾರದಲ್ಲಿ ನನ್ನ ಅಭಿಪ್ರಾಯ ಬೇರೆ. ಆ್ಯಪ್ ಸದ್ಯಕ್ಕೆ ಬೇಡ. ಕನಿಷ್ಠ ಆರು ತಿಂಗಳು ಅದರ ಗೊಡವೆಗೇ ಹೋಗಬೇಡಿ.

ಆ ಬಡಾವಣೆಯ ಜನರಿಗೆ ಅರ್ಜಿ ಹಾಕಲು ದಾರಿಗಳ ಕೊರತೆ ಇಲ್ಲ. ಸರ್ಕಾರದ ಸೇವಾ ಸಿಂಧು ಜಾಲತಾಣ ಇದೆ, ಬೆಂಗಳೂರು ಒನ್ ಕೇಂದ್ರಗಳಿವೆ, ನಾಡಕಚೇರಿ ಇದೆ. ಕರೆಂಟು ಹೋದರೆ ಬೆಸ್ಕಾಂನ 1912, ನೀರಿನ ತೊಂದರೆಗೆ ಜಲಮಂಡಳಿಯ 1916, ಕಸ ಮತ್ತು ಬೀದಿದೀಪದ ದೂರಿಗೆ 1533. ಕೊರತೆ ಕಾಣುವುದು ಅರ್ಜಿ ಒಳಗೆ ಹೋದ ಮೇಲೆ. ಅದು ಯಾರ ಬಳಿ ನಿಂತಿದೆ, ಏಕೆ ನಿಂತಿದೆ, ಯಾವ ಕಾಗದ ಕೊಟ್ಟರೆ ಮುಂದೆ ಹೋಗುತ್ತದೆ ಎಂದು ವಿಚಾರಿಸಿ ತಿಳಿಸುವವರು ಆ ಬೀದಿಗಳಲ್ಲಿ ಸಿಗುವುದಿಲ್ಲ. ಕೂಲಿ ಬಿಟ್ಟು ಎರಡು ಮೂರು ಸಲ ಕಚೇರಿ ಅಲೆದು ಬಂದವರು ಮತ್ತೊಮ್ಮೆ ಹೋಗುವುದಿಲ್ಲ. ಸವಲತ್ತು ಅಲ್ಲಿಗೇ ಕೈತಪ್ಪುತ್ತದೆ. ನೀವು ಮಾಡಲಿರುವ ಆ್ಯಪ್ ಅರ್ಜಿ ಹಾಕುವ ಇನ್ನೊಂದು ಬಾಗಿಲನ್ನು ತೆರೆಯಬಹುದು. ಒಳಗೆ ಸಿಕ್ಕಿಕೊಂಡದ್ದನ್ನು ಬಿಡಿಸುವ ಕೆಲಸಕ್ಕೆ ಮನುಷ್ಯರೇ ಬೇಕು, ಅದೂ ಮುಂದಿನ ವಾರ ಮತ್ತೆ ಬರುವ ಮನುಷ್ಯರು.

ಇದು ಚೆನ್ನಾಗಿ ಬಯಲಾದದ್ದು 2021ರ ಬೇಸಿಗೆಯಲ್ಲಿ. ಏಪ್ರಿಲ್ 28ರಂದು 18 ದಾಟಿದವರಿಗೂ ಕೋವಿಡ್ ಲಸಿಕೆಯ ನೋಂದಣಿ ತೆರೆಯಿತು. ಕೋವಿನ್ ಜಾಲತಾಣ ಆಗ ಇಂಗ್ಲಿಷಿನಲ್ಲಿ ಮಾತ್ರ ಇತ್ತು, ಲಸಿಕೆಯ ಸರದಿಗಳು ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಖಾಲಿಯಾಗುತ್ತಿದ್ದವು. ಸರದಿ ತೆರೆದ ಕೂಡಲೇ ಮೊಬೈಲಿಗೆ ಸಂದೇಶ ಕಳುಹಿಸುವ ತಂತ್ರಾಂಶಗಳನ್ನು ಎಷ್ಟೋ ಯುವಕರು ಒಳ್ಳೆಯ ಮನಸ್ಸಿನಿಂದಲೇ ಬರೆದರು. ಅವುಗಳಿಂದ ಅನುಕೂಲವಾದದ್ದು ಕೈಯಲ್ಲಿ ಸ್ಮಾರ್ಟ್‌ಫೋನೂ ವೇಗದ ಇಂಟರ್ನೆಟ್ಟೂ ಇದ್ದವರಿಗೆ. ಮನೆಗೆಲಸದವರು, ಪೌರಕಾರ್ಮಿಕರು, ಗಾರೆ ಕೆಲಸದವರು ಲಸಿಕೆ ಪಡೆಯಲು ಅವರ ಪಕ್ಕದಲ್ಲಿ ಕುಳಿತು, ಹೆಸರು ನೋಂದಾಯಿಸಿ, ಕೇಂದ್ರದವರೆಗೆ ಜೊತೆಗೆ ಹೋದವರೇ ಬೇಕಾಯಿತು. ಅದೇ ವರ್ಷದ ಮೇ 31ರ ಆದೇಶದಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಡಿಜಿಟಲ್ ಅಂತರವನ್ನು ಎತ್ತಿ ತೋರಿಸಿತು. ಅಂದು ಬರೆದ ತಂತ್ರಾಂಶಗಳಲ್ಲಿ ದೋಷವಿರಲಿಲ್ಲ. ಅವು ತಲುಪಬೇಕಾದವರನ್ನು ತಲುಪಲಿಲ್ಲ ಅಷ್ಟೇ. ನಿಮ್ಮ ಯೋಜನೆಯನ್ನು ಓದಿದಾಗ ನನಗೆ ಮೊದಲು ನೆನಪಾದದ್ದು ಇದು.

ಆದ್ದರಿಂದ ಅಂಗನವಾಡಿಯ ಪಕ್ಕದಲ್ಲೋ ದೇವಸ್ಥಾನದ ಜಗಲಿಯಲ್ಲೋ ಒಂದು ಮೇಜು, ನಾಲ್ಕು ಕುರ್ಚಿ ಹಾಕಿ. ಮೊದಲು ಆ ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ ಮತ್ತು ಅಲ್ಲಿನ ಸ್ವಸಹಾಯ ಸಂಘದ ಹೆಂಗಸರನ್ನು ಕಂಡು ಮಾತನಾಡಿ, ಅವರು ಒಪ್ಪಿದ ಜಾಗದಲ್ಲೇ ಕೂರಿ. ಬಡಾವಣೆಯ ಮನೆಮನೆಯ ಸಂಗತಿ ಅವರಿಗೆ ಗೊತ್ತು. ‘ಅಕ್ಕ, ಯಾವ ಕಾಗದಕ್ಕಾಗಿ ಜನ ಹೆಚ್ಚು ಅಲೆಯುತ್ತಿದ್ದಾರೆ?’ ಎಂದು ಕೇಳಿ. ಅವರು ಹೇಳಿದ ಒಂದೇ ಒಂದು ವಿಷಯವನ್ನು ಮೊದಲ ಎರಡು ತಿಂಗಳಿಗೆ ಇಟ್ಟುಕೊಳ್ಳಿ. ಎಲ್ಲ ಯೋಜನೆಗಳಿಗೂ ನೆರವು ಕೊಡುತ್ತೇವೆ ಎಂದು ಬ್ಯಾನರ್ ಕಟ್ಟಿದರೆ ಯಾವುದನ್ನೂ ಆಳವಾಗಿ ತಿಳಿಯಲು ಆಗುವುದಿಲ್ಲ.

ಆ ಒಂದು ವಿಷಯ ಗೃಹಲಕ್ಷ್ಮಿಯ ಹಣ ಎಂದೇ ಇಟ್ಟುಕೊಳ್ಳೋಣ. 2023ರ ಆಗಸ್ಟಿನಲ್ಲಿ ಆರಂಭವಾದ ಈ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಸಿಗಬೇಕು. ಒಬ್ಬ ತಾಯಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ ಕಾಗದಗಳನ್ನು ನಿಮ್ಮ ಮೇಜಿನ ಮೇಲೆ ಹರಡಿ, ‘ಪಕ್ಕದ ಮನೆಯವರಿಗೆಲ್ಲ ಬಂದಿದೆ, ನನಗೊಬ್ಬಳಿಗೇ ಬಂದಿಲ್ಲ’ ಎನ್ನುತ್ತಾರೆ. ಇಲ್ಲಿ ನೀವು ನೋಡಬೇಕಾದ ಕ್ರಮ ಹೀಗಿರಲಿ. ಪಡಿತರ ಚೀಟಿಯಲ್ಲಿ ಕುಟುಂಬದ ಯಜಮಾನಿ ಎಂದು ಯಾರ ಹೆಸರಿದೆ? ಸತ್ತುಹೋದ ಅತ್ತೆಯ ಹೆಸರೇ ಇನ್ನೂ ಉಳಿದಿರುವ ಚೀಟಿಗಳು ಬೇಕಾದಷ್ಟಿವೆ. ಚೀಟಿಯ ಸದಸ್ಯರ ಇ-ಕೆವೈಸಿ, ಅಂದರೆ ಆಧಾರ್ ಮೂಲಕ ಗುರುತಿನ ದೃಢೀಕರಣ, ಆಗಿದೆಯೇ? ಅವರೋ ಅವರ ಪತಿಯೋ ಆದಾಯ ತೆರಿಗೆ ಅಥವಾ ಜಿಎಸ್‌ಟಿ ಕಟ್ಟುವವರ ಪಟ್ಟಿಯಲ್ಲಿ ಇದ್ದಾರೆಯೇ? ಸಣ್ಣ ಗುತ್ತಿಗೆ ಕೆಲಸಕ್ಕೆಂದು ಗಂಡ ಎಂದೋ ಮಾಡಿಸಿದ ಜಿಎಸ್‌ಟಿ ನೋಂದಣಿ ಈಗ ಅಡ್ಡ ಬಂದಿರಬಹುದು.

ಇದೆಲ್ಲ ಸರಿಯಿದ್ದೂ ಹಣ ಬರದಿದ್ದರೆ ತೊಡಕು ಬ್ಯಾಂಕಿನಲ್ಲಿ ಇರುತ್ತದೆ, ಜನ ಹೆಚ್ಚು ದಾರಿ ತಪ್ಪುವುದೂ ಅಲ್ಲೇ. ‘ಬ್ಯಾಂಕಿನಲ್ಲಿ ಕೇಳಿದೆ, ಆಧಾರ್ ಲಿಂಕ್ ಆಗಿದೆ ಎಂದರು’ ಎಂದು ಆಕೆ ಹೇಳುತ್ತಾರೆ. ಆ ಮಾತು ನಿಜವೇ ಇರಬಹುದು. ಖಾತೆಗೆ ಆಧಾರ್ ಸಂಖ್ಯೆಯನ್ನು ಸೇರಿಸುವುದು ಒಂದು ಕೆಲಸ. ಸರ್ಕಾರದ ಹಣ ಇದೇ ಬ್ಯಾಂಕಿಗೆ ಬರಲಿ ಎಂದು ರಾಷ್ಟ್ರೀಯ ಪಾವತಿ ನಿಗಮದ, ಅಂದರೆ ಎನ್‌ಪಿಸಿಐ ಪಟ್ಟಿಯಲ್ಲಿ ನಮೂದಿಸುವುದು ಬೇರೆಯೇ ಕೆಲಸ. ಆ ಪಟ್ಟಿಯಲ್ಲಿ ಒಬ್ಬರಿಗೆ ಒಂದೇ ಬ್ಯಾಂಕು, ಅದೂ ಕೊನೆಯದಾಗಿ ಜೋಡಿಸಿದ್ದು. ಗಾರ್ಮೆಂಟ್ಸ್‌ಗೆ ಸೇರಿದಾಗ ಸಂಬಳಕ್ಕೆಂದು ಒಂದು ಖಾತೆ, ಸಂಘದ ಸಾಲಕ್ಕೆಂದು ಇನ್ನೊಂದು ಖಾತೆ ತೆರೆದಿರುತ್ತಾರೆ. ಹಣ ಅವರು ಮರೆತೇಬಿಟ್ಟ ಖಾತೆಗೆ ತಿಂಗಳಿಂದ ತಿಂಗಳಿಗೆ ಜಮೆಯಾಗುತ್ತಿರುವುದೂ ಉಂಟು. ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಯಾವ ಬ್ಯಾಂಕು ಜೋಡಣೆಯಾಗಿದೆ ಎಂಬುದನ್ನು ನೋಡಬಹುದು. ಅದಕ್ಕೆ ಆಧಾರ್‌ನಲ್ಲಿ ನಮೂದಾದ ಮೊಬೈಲ್ ಸಂಖ್ಯೆ ಈಗಲೂ ಅವರ ಕೈಯಲ್ಲಿರಬೇಕು. ಇಲ್ಲದಿದ್ದರೆ ಮೊದಲ ಕೆಲಸ ಅದನ್ನು ಸರಿಪಡಿಸುವುದು.

ಇನ್ನು ಹೆಸರಿನ ಕಗ್ಗಂಟು. ಲಕ್ಷ್ಮಮ್ಮ ಎಂಬ ಹೆಸರನ್ನು ಇಂಗ್ಲಿಷಿನಲ್ಲಿ ಒಂದು ಕಡೆ ‘ಕೆ-ಎಸ್-ಎಚ್’ ಹಾಕಿ, ಇನ್ನೊಂದು ಕಡೆ ‘ಎಕ್ಸ್’ ಹಾಕಿ ಬರೆದಿರುತ್ತಾರೆ. ಒಂದು ದಾಖಲೆಯಲ್ಲಿ ಗಂಡನ ಹೆಸರು ಅಂಟಿಕೊಂಡಿರುತ್ತದೆ, ಮತ್ತೊಂದರಲ್ಲಿ ಊರಿನ ಇನಿಷಿಯಲ್. ಇಲ್ಲಿ ಆತುರ ಬೇಡ. ಆಧಾರ್‌ನಲ್ಲಿ ಹೆಸರನ್ನು ಬದಲಾಯಿಸಲು ಜೀವಮಾನದಲ್ಲಿ ಎರಡೇ ಅವಕಾಶ, ಹುಟ್ಟಿದ ದಿನಾಂಕಕ್ಕೆ ಒಂದೇ. ಸೈಬರ್ ಸೆಂಟರಿನಲ್ಲಿ ಯಾರೋ ಹೇಳಿದರೆಂದು ಸುಮ್ಮನೆ ತಿದ್ದಿಸಿ ಒಂದು ಅವಕಾಶವನ್ನು ಕಳೆದುಕೊಂಡವರು ಬಹಳ ಮಂದಿ. ಎಲ್ಲ ಕಾಗದಗಳನ್ನೂ ಪಕ್ಕಪಕ್ಕ ಇಟ್ಟು, ಯಾವುದನ್ನು ಆಧಾರವಾಗಿ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸಿ, ಉಳಿದವನ್ನು ಅದಕ್ಕೆ ಸರಿಹೊಂದಿಸಿ. ಆಧಾರ್‌ನಲ್ಲಿರುವ ಹೆಸರು ತೀರಾ ತಪ್ಪಾಗಿಲ್ಲದಿದ್ದರೆ ಅದನ್ನು ಮುಟ್ಟದೆ ಪಾಸ್‌ಬುಕ್ಕನ್ನೂ ಪಡಿತರ ಚೀಟಿಯನ್ನೂ ತಿದ್ದಿಸುವುದು ಲೇಸು.

ಇಷ್ಟು ವಿವರವಾಗಿ ಬರೆದದ್ದಕ್ಕೆ ಕಾರಣವಿದೆ. ಮಾಹಿತಿ ತಂತ್ರಜ್ಞಾನದವರಿಗೆ ಇಂಥ ಕೆಲಸ ಚೆನ್ನಾಗಿ ಒಗ್ಗುತ್ತದೆ. ದೋಷ ಎಲ್ಲಿದೆ ಎಂದು ಒಂದೊಂದೇ ಹಂತವನ್ನು ಪರೀಕ್ಷಿಸಿ ಹುಡುಕುವ ಅಭ್ಯಾಸ ನಿಮಗೆ ಕೆಲಸದಿಂದಲೇ ಬಂದಿದೆ. ಆ ಬಡಾವಣೆಗೆ ನಿಮ್ಮಿಂದ ಬೇಕಾದ ತಂತ್ರಜ್ಞಾನ ಸದ್ಯಕ್ಕೆ ಇದೇ. ಕಟ್ಟಡ ಕಾರ್ಮಿಕರ ಮಂಡಳಿಯ ನೋಂದಣಿಯೂ ಹೀಗೆಯೇ. ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕೆಲಸ ಮಾಡಿದ್ದಕ್ಕೆ ಪ್ರಮಾಣಪತ್ರ ಬೇಕು, ವಯಸ್ಸು 18ರಿಂದ 60ರ ಒಳಗಿರಬೇಕು. ದಿನಕ್ಕೊಬ್ಬ ಮೇಸ್ತ್ರಿಯ ಕೈಕೆಳಗೆ ದುಡಿಯುವವರು ಆ ಪ್ರಮಾಣಪತ್ರವನ್ನು ಯಾರಿಂದ ತರಬೇಕು ಎಂಬಲ್ಲೇ ಎಲ್ಲ ನಿಂತುಹೋಗುತ್ತದೆ. ಯಾದಗಿರಿ, ರಾಯಚೂರು ಕಡೆಯಿಂದ ಬಂದವರ ಪಡಿತರ ಚೀಟಿ ಊರಿನಲ್ಲೇ ಇರುತ್ತದೆ. ರಾಜ್ಯದ ಬೇರೆ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಪಡೆಯಬಹುದೆಂದು ಎಷ್ಟೋ ಮಂದಿಗೆ ತಿಳಿದಿಲ್ಲ. ಸಿಮೆಂಟು ಕಲಸಿ, ಪಾತ್ರೆ ತಿಕ್ಕಿ ಬೆರಳ ಗೆರೆಗಳೇ ಸವೆದು, ಬೆರಳಚ್ಚು ಯಂತ್ರ ಒಪ್ಪದೆ ಹಿಂದಿರುಗಿದವರೂ ನಿಮ್ಮ ಮೇಜಿಗೆ ಬರುತ್ತಾರೆ. ಅಂಥವರಿಗೆ ಒಟಿಪಿಯಂತಹ ಬೇರೆ ದಾರಿಯನ್ನು ಕೇಳಿ ಪಡೆಯುವ ಧೈರ್ಯ ಕೊಡಿ.

ಒಟಿಪಿ ಎಂದೆ. ಈ ವಿಷಯದಲ್ಲಿ ನಾನು ಸ್ವಲ್ಪ ಕಠಿಣವಾಗಿಯೇ ಹೇಳುತ್ತೇನೆ. ನೀವು ಎಷ್ಟೇ ಒಳ್ಳೆಯವರಾದರೂ ‘ಅಮ್ಮ, ಒಟಿಪಿ ಬಂತಾ? ಹೇಳಿ’ ಎಂದು ಕೇಳಬೇಡಿ. ಒಳ್ಳೆಯ ಹುಡುಗರು ಕೇಳಿದಾಗ ಹೇಳಿ ಅಭ್ಯಾಸವಾದವರು ನಾಳೆ ಬ್ಯಾಂಕಿನವನ ಸೋಗಿನಲ್ಲಿ ಕರೆ ಮಾಡಿದ ಮೋಸಗಾರನಿಗೂ ಹೇಳಿಬಿಡುತ್ತಾರೆ. ಫೋನನ್ನು ಅವರ ಕೈಯಲ್ಲೇ ಇಡಿ, ಸಂಖ್ಯೆಯನ್ನು ಅವರೇ ನೋಡಿ ಅವರೇ ಒತ್ತಲಿ. ಅಕ್ಷರ ಬಾರದವರಿಗೂ ಅಂಕಿ ಗೊತ್ತಿರುತ್ತದೆ. ಬಸ್ಸಿನ ನಂಬರು ಓದುವವರು ಒಟಿಪಿಯನ್ನೂ ಓದಬಲ್ಲರು. ಎರಡು ನಿಮಿಷದ ಕೆಲಸಕ್ಕೆ ಹತ್ತು ನಿಮಿಷ ಹಿಡಿಯುತ್ತದೆ, ಹಿಡಿಯಲಿ. ಹಣ ಹೋದರೆ ಕೂಡಲೇ 1930ಕ್ಕೆ ಕರೆ ಮಾಡಬೇಕು ಎಂಬುದನ್ನು ಮೇಜಿನ ಮುಂದೆ ದೊಡ್ಡದಾಗಿ ಬರೆದು ಅಂಟಿಸಿ.

ಕಾಗದಗಳ ವಿಚಾರದಲ್ಲೂ ಇಷ್ಟೇ ಎಚ್ಚರ ಬೇಕು. ಆಧಾರ್ ಚೀಟಿಯ ಫೋಟೋ ತೆಗೆದು ನಿಮ್ಮ ಹತ್ತು ಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದು ಬಹಳ ಸುಲಭ, ಬಹಳ ಕೆಟ್ಟದ್ದು. ಆ ಫೋಟೋ ಹತ್ತು ಫೋನುಗಳಲ್ಲಿ ಉಳಿಯುತ್ತದೆ, ಗುಂಪು ಬಿಟ್ಟವರ ಫೋನಿನಲ್ಲೂ ಉಳಿಯುತ್ತದೆ. ನಿಮ್ಮ ದಾಖಲೆ ಪುಸ್ತಕದಲ್ಲಿ ಹೆಸರು, ಬೀದಿ, ಯಾವ ಅರ್ಜಿ, ಸಲ್ಲಿಸಿದ ದಿನಾಂಕ, ಸ್ವೀಕೃತಿ ಸಂಖ್ಯೆ, ಎಲ್ಲಿ ನಿಂತಿದೆ, ಮುಂದಿನ ಸಲ ಏನು ತರಬೇಕು, ಇಷ್ಟಿದ್ದರೆ ಸಾಕು. ಆಧಾರ್ ಸಂಖ್ಯೆ ಬೇಡವೇ ಬೇಡ. ಪ್ರತಿ ಬೇಕಾದಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಇಳಿಸಿಕೊಳ್ಳುವ ಸೌಲಭ್ಯವಿದೆ, ಅದು ನಡೆಯುವ ಕಡೆಯಲ್ಲೆಲ್ಲ ಅದನ್ನೇ ಕೊಡಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ ಸಮ್ಮತಿಯ ಮೇಲೆ ನಿಂತಿದೆ. 18 ವರ್ಷದೊಳಗಿನ ಮಕ್ಕಳ ಮಾಹಿತಿಗೆ ತಂದೆ ತಾಯಿಯ ಒಪ್ಪಿಗೆಯನ್ನು ಕೇಳುತ್ತದೆ. ಕಾನೂನು ಹೇಳುತ್ತದೆಂದು ಮಾತ್ರ ಈ ಎಚ್ಚರ ಬೇಡ. ಆ ತಾಯಿ ತನ್ನ ಕವರನ್ನು ಬಿಚ್ಚಿದ್ದು ನಿಮ್ಮನ್ನು ನಂಬಿ.

ದಾಖಲೆ ಪುಸ್ತಕ ತುಂಬುತ್ತಾ ಹೋದ ಹಾಗೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಬೇರೆ ಬೇರೆ ಮನೆಯ ಅರ್ಜಿಗಳು ಒಂದೇ ಕಡೆ, ಒಂದೇ ಕಾರಣಕ್ಕೆ ನಿಂತಿರುತ್ತವೆ. ಇಲ್ಲಿಂದ ಮುಂದೆ ಅದು ಒಬ್ಬೊಬ್ಬರ ಕಷ್ಟವಾಗಿ ಉಳಿಯುವುದಿಲ್ಲ, ಬಡಾವಣೆಯ ಪ್ರಶ್ನೆಯಾಗುತ್ತದೆ. ನಮ್ಮ ರಾಜ್ಯದಲ್ಲಿ ಸರ್ಕಾರಿ ಸೇವೆಯನ್ನು ಗಡುವಿನೊಳಗೆ ಕೊಡಬೇಕೆನ್ನುವ 2011ರ ಸಕಾಲ ಕಾಯ್ದೆ ಇದೆ, 2012ರಿಂದ ಜಾರಿಯಲ್ಲಿದೆ. ಅದರ ಪಟ್ಟಿಯಲ್ಲಿರುವ ಸೇವೆಗೆ ಗಡುವು ಮೀರಿದರೆ ಅರ್ಜಿದಾರರು ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿವರೆಗೆ ಪರಿಹಾರ ಕೇಳಬಹುದು. ಮೊತ್ತ ಚಿಕ್ಕದು. ಆದರೆ ಅರ್ಜಿಗೆ ಸಿಕ್ಕ ಸಕಾಲ ಸಂಖ್ಯೆ ಹಿಡಿದು ಮೇಲ್ಮನವಿ ಸಲ್ಲಿಸಿದರೆ ಕಡತ ಅಲುಗಾಡುತ್ತದೆ. ಅರ್ಜಿ ತಿರಸ್ಕೃತವಾದರೆ ಬಾಯಿಮಾತಿನ ಉತ್ತರಕ್ಕೆ ಒಪ್ಪಬೇಡಿ, ಕಾರಣ ಬರೆದ ಹಿಂಬರಹವನ್ನು ಕೇಳಿ. ಹಿಂಬರಹ ಕೈಯಲ್ಲಿದ್ದರೆ ಮುಂದಿನ ಹೆಜ್ಜೆ ಇಡಬಹುದು, ಇಲ್ಲದಿದ್ದರೆ ಮತ್ತೆ ಅದೇ ಸಾಲಿನಲ್ಲಿ ನಿಲ್ಲಬೇಕು.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಕಲಿತುಕೊಳ್ಳಿ. 10 ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ, 30 ದಿನಗಳಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳೊಳಗೆ. ಹೊಸಬರ ಅರ್ಜಿಗಳು ವಾಪಸು ಬರುವುದು ಈ ಮಿತಿ ಮೀರಿದ್ದಕ್ಕೇ. ‘ನಮ್ಮ ಬೀದಿಗೆ ಏಕೆ ಚರಂಡಿ ಇಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಇಂತಹ ಬೀದಿಯ ಚರಂಡಿ ಕಾಮಗಾರಿಗೆ ಇಂತಹ ವರ್ಷ ನೀಡಿದ ಕಾರ್ಯಾದೇಶದ ಪ್ರತಿ ಕೊಡಿ’ ಎಂದು ಕೇಳಿದರೆ ಸಿಗುತ್ತದೆ.

ಯಾವ ಕಚೇರಿಗೆ ಕೇಳಬೇಕು ಎಂಬುದನ್ನೂ ಈಗ ಹೊಸದಾಗಿ ತಿಳಿಯಬೇಕಾಗಿದೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿ ಐದು ನಗರ ಪಾಲಿಕೆಗಳು ಬಂದವು, ವಾರ್ಡ್‌ಗಳ ಗಡಿಗಳೂ ಬದಲಾದವು. ನಿಮ್ಮ ಬಡಾವಣೆ ಯಾವ ಪಾಲಿಕೆ, ಯಾವ ವಾರ್ಡು, ಕಸಕ್ಕೆ ಯಾರು, ಬೀದಿದೀಪಕ್ಕೆ ಯಾರು, ಅವರ ಕಚೇರಿ ಎಲ್ಲಿ ಎಂಬುದನ್ನು ಹೋಗಿ ವಿಚಾರಿಸಿ, ಒಂದು ಹಾಳೆಯಲ್ಲಿ ಕನ್ನಡದಲ್ಲಿ ಅಚ್ಚು ಹಾಕಿಸಿ ಅಂಗಡಿಗಳ ಮುಂದೆ ಅಂಟಿಸಿ. ನಿಮ್ಮ ತಂಡ ಮೊದಲ ತಿಂಗಳಲ್ಲೇ ಮಾಡಬಹುದಾದ, ಎಲ್ಲರಿಗೂ ಉಪಯೋಗವಾಗುವ ಕೆಲಸ ಇದು.

ನಿಮ್ಮಲ್ಲಿ ಯಾರಿಗಾದರೂ ನಕಾಶೆ ಮಾಡುವ ಆಸಕ್ತಿ ಇದ್ದರೆ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. 2004ರಲ್ಲಿ ಆರಂಭವಾದ, ಸ್ವಯಂಸೇವಕರೇ ಕಟ್ಟಿದ, ಯಾರು ಬೇಕಾದರೂ ತಿದ್ದಬಹುದಾದ ನಕಾಶೆ ಅದು. ಸ್ಥಳದ ಹೆಸರನ್ನು ಕನ್ನಡದಲ್ಲೂ ದಾಖಲಿಸಲು ಅದರಲ್ಲಿ ಅವಕಾಶವಿದೆ. ಬೀದಿ ನಲ್ಲಿ, ಸಾರ್ವಜನಿಕ ಶೌಚಾಲಯ, ಉರಿಯದ ದೀಪದ ಕಂಬ, ಆಂಬುಲೆನ್ಸ್ ಒಳಗೆ ಬರಬಹುದಾದ ರಸ್ತೆ, ಇವನ್ನು ಬಡಾವಣೆಯ ಹುಡುಗ ಹುಡುಗಿಯರ ಜೊತೆ ನಡೆದು ಗುರುತಿಸಿದರೆ ವಾರ್ಡ್ ಕಚೇರಿಯಲ್ಲಿ ಮಾತಿಗೆ ತೂಕ ಬರುತ್ತದೆ. ಆದರೆ ಮೊದಲು ಅಲ್ಲಿಯವರನ್ನು ಕೇಳಿ. 1973ರ ಕೊಳಚೆ ಪ್ರದೇಶಗಳ ಕಾಯ್ದೆಯಡಿ ಘೋಷಣೆಯಾದ ಪ್ರದೇಶಕ್ಕೆ ಒಂದಿಷ್ಟು ರಕ್ಷಣೆ ಇರುತ್ತದೆ. ಘೋಷಣೆಯಾಗದ, ಜಾಗದ ತಕರಾರು ಇರುವ ಕಡೆ ಮನೆಮನೆಯನ್ನೂ ಗುರುತಿಸಿ ಜಗತ್ತಿಗೆಲ್ಲ ಕಾಣುವಂತೆ ಇಡುವುದು ಆ ಕುಟುಂಬಗಳಿಗೆ ಅಪಾಯ ತರಬಹುದು. ಎಣಿಕೆ ಯಾರ ಕೈಗೆ ಹೋಗುತ್ತದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಇದೇ ನಗರದಲ್ಲಿ ಚಿಂದಿ ಆಯುವವರು ತಮ್ಮ ಸಂಘಟನೆಯ ಮೂಲಕ ತಮ್ಮನ್ನು ಎಣಿಸಿಕೊಂಡು, 2011ರಿಂದ ಪಾಲಿಕೆಯ ಗುರುತಿನ ಚೀಟಿಗಳನ್ನು ಪಡೆದರು. ಪೊಲೀಸರು ತಡೆದು ಕೇಳಿದಾಗ ತೋರಿಸಲು ಅವರ ಕೈಗೆ ಒಂದು ಕಾಗದ ಬಂತು. ಎಣಿಕೆಯಿಂದ ಎಣಿಸಿಕೊಂಡವರಿಗೆ ಏನು ಸಿಗುತ್ತದೆ ಎಂದು ಹೇಳಲಾಗದ ಸಮೀಕ್ಷೆಯನ್ನು ಮಾಡಬೇಡಿ.

ಮಕ್ಕಳ ವಿಚಾರಕ್ಕೆ ಬರೋಣ. ಕಲಿಸಿ, ಖಂಡಿತ ಕಲಿಸಿ. ಕೋಡಿಂಗ್ ಎರಡನೆಯ ವರ್ಷಕ್ಕೆ ಇರಲಿ, ಮೊದಲ ಪಾಠ ಕನ್ನಡ ಟೈಪಿಂಗ್ ಆಗಲಿ. ಆ ಮಕ್ಕಳ ಕೈಯಲ್ಲಿ ಮೊಬೈಲ್ ಇದೆ, ವಿಡಿಯೋ ನೋಡುವುದು ಗೊತ್ತಿದೆ. ಕೀಲಿಮಣೆಯ ಮುಂದೆ ಕುಳಿತು ತಮ್ಮದೇ ಮಾತನ್ನು ತೆರೆಯ ಮೇಲೆ ಮೂಡಿಸಿದ ಅನುಭವ ಬಹಳ ಮಂದಿಗೆ ಇಲ್ಲ. ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ ಅಷ್ಟು ತರ್ಕಬದ್ಧವಾಗಿದೆ, ಹತ್ತು ವರ್ಷದ ಮಗುವೂ ಬೇಗ ಹಿಡಿಯುತ್ತದೆ. ಎ, ಕೆ, ಎಫ್, ಕೆ ಎಂದು ಒತ್ತಿದರೆ ‘ಅಕ್ಕ’ ಮೂಡುತ್ತದೆ. ನಡುವಿನ ಎಫ್ ಒತ್ತಕ್ಷರವನ್ನು ಕೊಡುತ್ತದೆ. ಈ ವಿನ್ಯಾಸವನ್ನೇ ಬಳಸುವ, ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’ಯನ್ನು ಉಚಿತವಾಗಿ ಹಾಕಿಕೊಳ್ಳಬಹುದು. ಒಂದು ಎಚ್ಚರಿಕೆ: ಮೊದಲ ದಿನದಿಂದಲೇ ಎಲ್ಲ ಯಂತ್ರಗಳೂ ಒಂದೇ ರೀತಿ ಓದುವ ಯೂನಿಕೋಡ್‌ನಲ್ಲಿ ಬರೆಯಿಸಿ. ಹಳೆಯ ಆಸ್ಕಿ ಫಾಂಟಿನಲ್ಲಿ ಬರೆದದ್ದನ್ನು ಮಿಂಚಂಚೆಗೋ ಮೊಬೈಲಿಗೋ ಅಂಟಿಸಿದರೆ ಅರ್ಥವಿಲ್ಲದ ಅಕ್ಷರಗಳ ರಾಶಿ ಕಾಣುತ್ತದೆ, ಹುಡುಕಿದರೆ ಸಿಗುವುದೂ ಇಲ್ಲ.

ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಮ್ಮ ಬೀದಿಯ ನಲ್ಲಿಯ ಬಗ್ಗೆ ಜಲಮಂಡಳಿಯ ಎಂಜಿನಿಯರಿಗೆ ಮನವಿಯನ್ನು ಕನ್ನಡದಲ್ಲಿ ಟೈಪ್ ಮಾಡಿ, ಅಮ್ಮನಿಂದ ಸಹಿ ಹಾಕಿಸಿ, ಸ್ವೀಕೃತಿ ಪಡೆದು ಬಂದಳೆಂದರೆ ಆಕೆಗೆ ಕಂಪ್ಯೂಟರು ಏತಕ್ಕೆ ಎಂದು ಬೇರೆ ಹೇಳಬೇಕಾಗಿಲ್ಲ. ಆಮೇಲೆ ವಿದ್ಯಾರ್ಥಿವೇತನದ ಅರ್ಜಿ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್‌ಡಿ ಸಂಖ್ಯೆ ಕೇಳುತ್ತದೆ. ಅದನ್ನು ಹುಡುಕಿ ತುಂಬುವುದನ್ನು ಪಿಯುಸಿ ಮಕ್ಕಳಿಗೆ ಕಲಿಸಿದರೆ ಅವರು ತಮ್ಮ ತಮ್ಮಂದಿರಿಗೆ, ಪಕ್ಕದ ಮನೆಯವರಿಗೆ ತುಂಬಿಕೊಡುತ್ತಾರೆ. ಬನ್ನೇರುಘಟ್ಟ ರಸ್ತೆಯ ಗುರಪ್ಪನಪಾಳ್ಯದ ಸುದರ್ಶನ್ ಲೇಔಟ್‌ನಲ್ಲಿ ಸ್ವತಂತ್ರ ತಂತ್ರಾಂಶ ಚಳವಳಿಯ ಯುವಕರು ಅಂಬೇಡ್ಕರ್ ಹೆಸರಿನ ಸಮುದಾಯ ಕಂಪ್ಯೂಟರ್ ಕೇಂದ್ರವನ್ನು ಕಟ್ಟಿದ್ದು ಇಂಥದೇ ನಂಬಿಕೆಯಿಂದ. ಹಣ ಕೊಡಬೇಕಾಗಿಲ್ಲದ, ಯಾರೂ ಬಿಚ್ಚಿ ನೋಡಬಹುದಾದ ತಂತ್ರಾಂಶವನ್ನೇ ಅಲ್ಲಿನ ಮಕ್ಕಳ ಕೈಗೆ ಕೊಟ್ಟರು. ನಿಮಗೂ ಅದೇ ದಾರಿ ಒಳ್ಳೆಯದು. ಕಂಪನಿಗಳು ಬದಿಗಿಟ್ಟ ಹಳೆಯ ಲ್ಯಾಪ್‌ಟಾಪ್‌ಗಳಲ್ಲಿ ಅಂಥದೇ ತಂತ್ರಾಂಶವಾದ ಲಿನಕ್ಸ್ ಚೆನ್ನಾಗಿಯೇ ಓಡುತ್ತದೆ. ತೆಗೆದುಕೊಳ್ಳುವಾಗ ಅದರಲ್ಲಿನ ಮಾಹಿತಿಯನ್ನು ಪೂರ್ತಿ ಅಳಿಸಿದ್ದಾರೆ, ದಾನವಾಗಿ ಕೊಟ್ಟಿದ್ದಾರೆ ಎಂಬ ಪತ್ರವನ್ನು ಮರೆಯದೆ ಪಡೆಯಿರಿ.

ಹತ್ತು ಮಂದಿ ಒಟ್ಟಿಗೆ ಹೋಗಬೇಡಿ. ಮೇಜಿನ ಸುತ್ತ ಹತ್ತು ಹೊಸ ಮುಖಗಳಿದ್ದರೆ ಯಾರೂ ಮನೆಯ ಕಷ್ಟ ಹೇಳುವುದಿಲ್ಲ. ವಾರಕ್ಕೆ ನಾಲ್ವರಂತೆ ಪಾಳಿ ಹಾಕಿಕೊಳ್ಳಿ, ಅದರಲ್ಲಿ ಇಬ್ಬರು ಹಿಂದಿನ ವಾರವೂ ಬಂದವರಾಗಿರಲಿ. ಒಬ್ಬರಾದರೂ ಹೆಣ್ಣುಮಕ್ಕಳು ಇರಲೇಬೇಕು. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆಗಳ ಲೆಕ್ಕ ಇದ್ದದ್ದು ನಿಮಗೆ ನೆನಪಿರಬಹುದು. ಅಲ್ಲಿ ಗಂಟೆ ತುಂಬಿದರೆ ಪ್ರಮಾಣಪತ್ರ ಸಿಗುತ್ತಿತ್ತು. ಇಲ್ಲಿ ಲೆಕ್ಕ ಇಡಬೇಕಾದದ್ದು ಇತ್ಯರ್ಥವಾದ ಅರ್ಜಿಗಳದ್ದು.

ನಿಮ್ಮಲ್ಲಿ ಕೆಲವರಿಗೆ ಕೆಲಸ ಬದಲಾಗುತ್ತದೆ, ಮದುವೆಯಾಗುತ್ತದೆ, ವಿದೇಶಕ್ಕೆ ಹೋಗುತ್ತಾರೆ. ಅದು ಸಹಜ, ತಪ್ಪಿಲ್ಲ. ಅದಕ್ಕಾಗಿಯೇ ಮೊದಲ ತಿಂಗಳಿಂದ ಆ ಬಡಾವಣೆಯದೇ ಒಬ್ಬ ಹುಡುಗಿಯನ್ನೋ ಹುಡುಗನನ್ನೋ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪಿಯುಸಿ ಓದಿ ಮನೆಯಲ್ಲಿರುವ, ಎಲ್ಲರಿಗೂ ಪರಿಚಯವಿರುವ ಹೆಣ್ಣುಮಗಳು ಸಿಕ್ಕರೆ ಒಳ್ಳೆಯದು. ಆಕೆಗೆ ಗೌರವಧನ ಕೊಡಿ. ನೀವು ಹತ್ತು ಮಂದಿ ದುಡಿಯುವವರು ತಿಂಗಳಿಗೆ ಒಂದಿಷ್ಟು ಹಾಕಿದರೆ ಅದು ಸಾಧ್ಯ. ಬಡವರ ಮಕ್ಕಳು ಸೇವೆ ಎಂಬ ಹೆಸರಿನಲ್ಲಿ ಬಿಟ್ಟಿ ದುಡಿಯಬೇಕು, ಸಂಬಳದವರು ಶನಿವಾರ ಬಂದು ಹೋಗಬೇಕು ಎಂಬ ಏರ್ಪಾಡು ನನಗೆ ಒಪ್ಪಿಗೆಯಿಲ್ಲ. ವಾರದ ಉಳಿದ ದಿನಗಳಲ್ಲಿ ಜನ ಬಾಗಿಲು ತಟ್ಟುವುದು ಆಕೆಯ ಮನೆಯದು. ನಿಮ್ಮ ಕಂಪನಿಯವರು ವರ್ಷಕ್ಕೊಂದು ದಿನ ನೂರು ಮಂದಿಯನ್ನು ಬಸ್ಸಿನಲ್ಲಿ ತಂದು ಗೋಡೆಗೆ ಬಣ್ಣ ಹೊಡೆಸುತ್ತೇವೆ ಎಂದರೆ ನಯವಾಗಿ ಬೇಡವೆಂದು ಹೇಳಿ, ಆ ಖರ್ಚಿನಲ್ಲಿ ಆಕೆಯ ಒಂದು ವರ್ಷದ ಗೌರವಧನವನ್ನು ಭರಿಸಲು ಕೇಳಿ.

ಆರು ತಿಂಗಳ ನಂತರ ತಂತ್ರಾಂಶದ ಯೋಚನೆ ಮಾಡಬಹುದು. ಅಷ್ಟರಲ್ಲಿ ಯಾವ ಕೆಲಸ ಪದೇ ಪದೇ ಬರುತ್ತದೆ ಎಂದು ಪುಸ್ತಕವೇ ಹೇಳುತ್ತದೆ. ಬಹುಶಃ ಅದು ನೆನಪಿಸುವ ಕೆಲಸ: ‘ನಾಡಿದ್ದು ನಿಮ್ಮ ಕಾರ್ಮಿಕ ಚೀಟಿಯ ನವೀಕರಣಕ್ಕೆ ಕೊನೆಯ ದಿನ, ಪಾಸ್‌ಬುಕ್ ತನ್ನಿ’ ಎಂಬಂಥದು. ಅದನ್ನು ಅಕ್ಷರದಲ್ಲಿ ಕಳುಹಿಸಬೇಡಿ, ಆ ಹುಡುಗಿಯ ದನಿಯಲ್ಲಿ ಧ್ವನಿ ಸಂದೇಶವಾಗಿ ಹೋಗಲಿ. ಅಲ್ಲಿ ತೆಲುಗು, ತಮಿಳು, ಉರ್ದು ಮಾತನಾಡುವ ಮನೆಗಳೂ ಇರುತ್ತವೆ, ಅವರ ಮಾತಿನಲ್ಲೂ ಹೋಗಲಿ. ಇದಕ್ಕೆ ಒಂದು ಸ್ಪ್ರೆಡ್‌ಶೀಟು, ಸಾಮಾನ್ಯ ಫೋನಿಗೂ ಕರೆ ಹೋಗುವ ಒಂದು ಸಣ್ಣ ವ್ಯವಸ್ಥೆ ಇದ್ದರೆ ಸಾಕು. ನೀವು ಬರೆಯುವ ಕೋಡು ಆ ಹುಡುಗಿ ಒಬ್ಬಳೇ ನಡೆಸಿಕೊಂಡು ಹೋಗುವಷ್ಟು ಸರಳವಾಗಿರಲಿ, ಅದರ ಪ್ರತಿಯೊಂದು ಗುಂಡಿಯ ಮೇಲೂ ಕನ್ನಡವಿರಲಿ.

ಕೊನೆಯ ಪ್ರಶ್ನೆ, ಟ್ರಸ್ಟ್. ಮೊದಲ ವರ್ಷ ಬೇಡ. ನೀವೇ ಹತ್ತು ಮಂದಿ ನಿಮ್ಮ ಹಣ ಹಾಕಿ, ನಿಮ್ಮ ಸಮಯ ಕೊಟ್ಟು ಮಾಡುವ ಕೆಲಸಕ್ಕೆ ನೋಂದಣಿಯ ಅಗತ್ಯವಿಲ್ಲ. ಖರ್ಚಿನ ಲೆಕ್ಕವನ್ನು ಮಾತ್ರ ಬರೆದಿಟ್ಟು ಎಲ್ಲರಿಗೂ ತೋರಿಸಿ. ಹೊರಗಿನವರಿಂದ ದೇಣಿಗೆ ಪಡೆಯುವ ಸ್ಥಿತಿ ಬಂದಾಗ ಉಪನೋಂದಣಾಧಿಕಾರಿಯ ಕಚೇರಿಯಲ್ಲಿ ಟ್ರಸ್ಟ್ ಪತ್ರವನ್ನು ನೋಂದಾಯಿಸಬಹುದು, ಇಲ್ಲವೇ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಮಾಡಿಕೊಳ್ಳಬಹುದು. ಸಂಘಕ್ಕೆ ಕನಿಷ್ಠ ಏಳು ಮಂದಿ ಬೇಕು, ನೀವು ಹತ್ತು ಮಂದಿ ಇದ್ದೀರಿ. ನನ್ನ ಒಲವು ಸಂಘದ ಕಡೆಗೆ, ಏಕೆಂದರೆ ಆ ಬಡಾವಣೆಯವರನ್ನೂ ಸದಸ್ಯರನ್ನಾಗಿ ಮಾಡಿಕೊಂಡು ಅವರಿಗೂ ಮತ ಕೊಡಬಹುದು. ಅಮೆರಿಕದಲ್ಲಿರುವ ಗೆಳೆಯರು ಹಣ ಕಳುಹಿಸುತ್ತೇವೆ ಎಂದರೆ ಅವರ ಪೌರತ್ವವನ್ನು ಕೇಳಿ. ಭಾರತದ ಪಾಸ್‌ಪೋರ್ಟ್ ಇರುವವರು ತಮ್ಮ ಉಳಿತಾಯದಿಂದ ಬ್ಯಾಂಕಿನ ಮೂಲಕ ಕೊಟ್ಟರೆ ಅಡ್ಡಿಯಿಲ್ಲ. ಬೇರೆ ದೇಶದ ಪೌರತ್ವ ಪಡೆದವರ ಹಣವನ್ನು 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ ನೋಂದಣಿಯೋ ಪೂರ್ವಾನುಮತಿಯೋ ಇಲ್ಲದೆ ಸಂಘದ ಖಾತೆಗೆ ತೆಗೆದುಕೊಳ್ಳುವಂತಿಲ್ಲ.